ಕೆಎ-17ರ ಒಂದು ಝಡ್‌ಎಂಆರ್: ಕಂಪನಿ ನಿಲ್ಲಿಸಿದ ಸ್ಪೋರ್ಟ್ ಬೈಕನ್ನು ಓಡಿಸುವ ಲೆಕ್ಕ

ಗಾಡಿ ಹೀರೋ ಕಂಪನಿಯ ಕರಿಜ್ಮಾ ಝಡ್‌ಎಂಆರ್, 2014ರ ಮಾಡೆಲ್, ದಾವಣಗೆರೆ ನೋಂದಣಿ. ಓಡಿದ್ದು 60 ಸಾವಿರ ಕಿಲೋಮೀಟರಿನ ಮೇಲೆ. ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಿ ಬರುವವರದು. ಬಿದ್ದ ಕಾರಣವನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಅರ್ಧ ರಸ್ತೆಗೆ ಹರವಿದ ಮೆಕ್ಕೆಜೋಳ, ಅದರ ಅಂಚಿನಲ್ಲಿ ಹಿಡಿದ ಮುಂದಿನ ಬ್ರೇಕ್. ಕಾಳಿನ ಮೇಲೆ ಚಕ್ರ ಜಾರಿತು, ಗಾಡಿ ಎಡಕ್ಕೆ ಮಲಗಿತು. ಸವಾರರಿಗೆ ಮೊಣಕೈ ತರಚಿತು, ಅಷ್ಟೆ. ಗಾಡಿಯ ಎಡ ಫೇರಿಂಗ್ (ಮೈ ಮುಚ್ಚುವ ಪ್ಲಾಸ್ಟಿಕ್ ಕವಚ) ಎರಡು ಕಡೆ ಸೀಳಿತ್ತು, ಅದನ್ನು ಬೋಲ್ಟಿಗೆ ಹಿಡಿಯುವ ಮೂರು ಕಿವಿ ಮುರಿದಿದ್ದವು, ಹೆಡ್‌ಲೈಟ್ ಹಿಡಿಯುವ ಒಂದು ಕಾಲು ಹೋಗಿತ್ತು, ಎಡಗಡೆ ಹ್ಯಾಂಡಲ್ ಕೊಂಚ ಬಾಗಿತ್ತು. ಬೀಳುವುದಕ್ಕೆ ಮುಂಚಿನಿಂದಲೂ ಎರಡು ತಕರಾರಿದ್ದವು. ಮೀಟರಿನ ಅರ್ಧ ಪರದೆ ಕಪ್ಪು. ಮತ್ತೆ ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ಓಡಿಸಿದರೆ ಗಾಡಿ ತಾನೇ ಬಂದ್, ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್.

ಸ್ಪೇರ್ ಕೌಂಟರಿನಲ್ಲಿ ಸಿಕ್ಕ ಉತ್ತರ ಒಂದೇ ಸಾಲಿನದು. "ಇಂಜಿನ್ ಸಾಮಾನು ಏನ್ ಬೇಕು ಕೇಳ್ರಿ ಅಣ್ಣಾ, ಇಲ್ಲಾಂದ್ರ ನಾಳೆ ತರಿಸಿ ಕೊಡ್ತೀನಿ. ಫೇರಿಂಗ್ ಮಾತ್ರ ಕೇಳಬ್ಯಾಡ್ರಿ."

ಮಾಲೀಕರ ಮುಂದೆ ಮೂರು ಸಲಹೆಗಳಿದ್ದವು. ಒಂದು, ಗುಜರಿಗೆ ಹಾಕು. ಎರಡು, ಫೇರಿಂಗ್ ಕಿತ್ತೆಸೆದು, ಎಫ್‌ಐ (ಇಂಜಿನ್ನಿಗೆ ಪೆಟ್ರೋಲನ್ನು ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಚಿಮುಕಿಸುವ ಫ್ಯೂಯೆಲ್ ಇಂಜೆಕ್ಷನ್) ತೆಗೆದು ಕಾರ್ಬ್ಯುರೇಟರ್ ಕೂರಿಸಿ ಬರೀ ಮೈಯಲ್ಲಿ ಓಡಿಸು. ಮೂರು, ಇದ್ದದ್ದನ್ನೇ ರಿಪೇರಿ ಮಾಡು. ಮೊದಲ ಎರಡನ್ನು ಹೇಳಿದವರು ಇಂಜಿನ್ನಿನ ವಯಸ್ಸು ನೋಡಿ ಹೇಳಿದ್ದರು. ನೋಡಬೇಕಾದದ್ದು ಬೇರೆ: ಗಾಡಿಯ ಯಾವ ಯಾವ ಭಾಗ ಲೋಕದಲ್ಲಿ ಇದೊಂದೇ ಮಾಡೆಲ್‌ಗೆ ಸೇರಿದ್ದು? ಉತ್ಪಾದನೆ ನಿಂತ ಬೈಕಿನಲ್ಲಿ ಮೊದಲು ಸಿಗದಂತಾಗುವುದು ಅಂಥ ಭಾಗವೇ. ಇಂಜಿನ್ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ.

ಈ ಮಾತಿಗೆ ದೊಡ್ಡ ಪುರಾವೆ ಅಮೆರಿಕದಲ್ಲಿದೆ. ಈ ಝಡ್‌ಎಂಆರ್‌ಗೂ ಅದಕ್ಕೂ ನೆಂಟಸ್ತಿಕೆ ಇರುವುದರಿಂದ ಆ ಕಥೆ ಇಲ್ಲಿ ಬೇಕು.

ಹಾರ್ಲೆ-ಡೇವಿಡ್‌ಸನ್‌ನಲ್ಲಿ ಇಂಜಿನಿಯರ್ ಆಗಿದ್ದ ಎರಿಕ್ ಬ್ಯುಯೆಲ್ 1983ರಲ್ಲಿ ಸ್ವಂತ ಬೈಕ್ ಕಂಪನಿ ಕಟ್ಟಿದರು. ಹಾರ್ಲೆ 1993ರಲ್ಲಿ ಅದರ 49 ಶೇಕಡಾ ಪಾಲು ಕೊಂಡಿತು, 1998ರಲ್ಲಿ ಹೆಚ್ಚುಕಮ್ಮಿ ಪೂರ್ತಿ ತನ್ನದಾಗಿಸಿಕೊಂಡಿತು. ಬ್ಯುಯೆಲ್ ಹಾರ್ಲೆಯ ಸ್ಪೋರ್ಟ್ ಬೈಕ್ ಬ್ರ್ಯಾಂಡ್ ಆಯಿತು. ಆರ್ಥಿಕ ಕುಸಿತ ಬಂದು 2009ರ ಮೂರನೇ ತ್ರೈಮಾಸಿಕದಲ್ಲಿ ಹಾರ್ಲೆಯ ಲಾಭ ಹಿಂದಿನ ವರ್ಷಕ್ಕಿಂತ 84 ಶೇಕಡಾ ಇಳಿಯಿತು. ಆ ಲೆಕ್ಕ ಹೊರಬಿದ್ದ ಅಕ್ಟೋಬರ್ 15ರಂದೇ ಬ್ಯುಯೆಲ್ ನಿಲ್ಲಿಸುವ ಘೋಷಣೆಯೂ ಹೊರಬಿತ್ತು. ಹಿಂದಿನ ವರ್ಷವಷ್ಟೇ ಕೊಂಡಿದ್ದ ಇಟಲಿಯ ಎಂವಿ ಅಗುಸ್ಟಾವನ್ನು ಮಾರುವುದಾಗಿಯೂ ಅದೇ ದಿನ ಹೇಳಿತು. ವಿಸ್ಕಾನ್ಸಿನ್‌ನ ಈಸ್ಟ್ ಟ್ರಾಯ್ ಕಾರ್ಖಾನೆಯಲ್ಲಿ ಸುಮಾರು 180 ಜನ ಕೆಲಸಗಾರರಿದ್ದರು. ಕೊನೆಯ ಬೈಕು ಅದೇ ತಿಂಗಳ 30ರಂದು ಹೊರಬಂತು. ಅಲ್ಲಿಯವರೆಗೆ ತಯಾರಾದದ್ದು ಒಟ್ಟು 1,36,923. ನಿಲ್ಲಿಸುವ ಖರ್ಚೇ ಸುಮಾರು 12.5 ಕೋಟಿ ಡಾಲರ್ ಎಂದು ಕಂಪನಿ ಅಂದಾಜು ಹಾಕಿತ್ತು. ವಾರಂಟಿ ಮುಂದುವರಿಯುತ್ತದೆ, ಬಿಡಿಭಾಗ ಹಾರ್ಲೆ ಡೀಲರುಗಳಲ್ಲೇ ಸಿಗುತ್ತದೆ ಎಂದೂ ಹೇಳಿತು.

ಆಮೇಲೆ ಬ್ಯುಯೆಲ್ ಮಾಲೀಕರ ಪಾಡು ಇಬ್ಭಾಗವಾಯಿತು. ಎಕ್ಸ್‌ಬಿ ಸರಣಿಯ 984 ಮತ್ತು 1203 ಸಿಸಿ ಏರ್‌ಕೂಲ್ಡ್ ಇಂಜಿನ್ನುಗಳು ಹಾರ್ಲೆ ಸ್ಪೋರ್ಟ್‌ಸ್ಟರ್‌ನ ವಂಶದವು. ಸ್ಪೋರ್ಟ್‌ಸ್ಟರ್ ಮಾರಾಟ ನಡೆದೇ ಇತ್ತು, ಹಾಗಾಗಿ ಇಂಜಿನ್ನಿಗೆ ಕೈ ಹಾಕುವ ಮೇಸ್ತ್ರಿಗಳೂ ಇದ್ದರು, ಸಾಮಾನೂ ಇತ್ತು. ಅದೇ ಬೈಕಿನ ಮುಂದಿನ ಬ್ರೇಕ್ ಡಿಸ್ಕ್ ನೋಡಿ: 375 ಮಿ.ಮೀ., ಹಬ್‌ಗೆ ಕೂರುವ ಬದಲು ಚಕ್ರದ ರಿಮ್‌ಗೆ ಕೂರುತ್ತದೆ. ಪೆಟ್ರೋಲ್ ಇರುವುದು ಚಾಸಿಯ ಒಳಗೆ, ಇಂಜಿನ್ ಆಯಿಲ್ ಇರುವುದು ಹಿಂದಿನ ಸ್ವಿಂಗ್ ಆರ್ಮ್ ಒಳಗೆ. ಜಾಣತನದ ವಿನ್ಯಾಸ, ಸಂಶಯವಿಲ್ಲ. ಆದರೆ ಚಾಸಿಗೆ ಬಿರುಕು ಬಿದ್ದರೆ ಪೆಟ್ರೋಲ್ ಟ್ಯಾಂಕೂ ಹೋದಂತೆ, ಬೇರೆ ಯಾವ ಬೈಕಿನದನ್ನೂ ತಂದು ಕೂರಿಸಲಾಗದು. ಇನ್ನು 2007ರಲ್ಲಿ ಬಂದ 1125ಆರ್‌ನದು ಆಸ್ಟ್ರಿಯಾದ ರೋಟ್ಯಾಕ್ಸ್ ಮಾಡಿಕೊಟ್ಟ ಲಿಕ್ವಿಡ್ ಕೂಲ್ಡ್ ಇಂಜಿನ್. ಹಾರ್ಲೆಯ ಬೇರೆ ಯಾವ ಬೈಕಿನಲ್ಲೂ ಅದಿರಲಿಲ್ಲ. ಆ ಬೈಕುಗಳ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್ ಬಿಸಿಗೆ ಸುಡುವ ಕಾಯಿಲೆಗೆ ಕೊನೆಗೆ ಮದ್ದು ಮಾಡಿದ್ದು ಕಾಯಿಲ್ ಸುತ್ತುವವರೂ ಹವ್ಯಾಸಿಗಳೂ. ವಯಸ್ಸಿನಲ್ಲಿ ಹೊಸದಾದ, ಶಕ್ತಿಯಲ್ಲಿ ಮೇಲಾದ ಬೈಕೇ ಸಾಕಲು ಹೆಚ್ಚು ಕಷ್ಟದ್ದಾಯಿತು.

ಬ್ಯುಯೆಲ್ ಸುಮ್ಮನೆ ಕೂರಲಿಲ್ಲ. ಎರಿಕ್ ಬ್ಯುಯೆಲ್ ರೇಸಿಂಗ್, ಅಂದರೆ ಇಬಿಆರ್, ಶುರುವಾಯಿತು. ಹೀರೋ ಮೋಟೊಕಾರ್ಪ್ 2013ರಲ್ಲಿ 2.5 ಕೋಟಿ ಡಾಲರ್ ಕೊಟ್ಟು ಅದರ 49.2 ಶೇಕಡಾ ಪಾಲು ಕೊಂಡಿತು. ಹೋಂಡಾದಿಂದ ಬೇರೆಯಾಗಿದ್ದ ಹೀರೋಗೆ ಸ್ವಂತ ವಿನ್ಯಾಸ ಬೇಕಿತ್ತು. 2014ರ ಕರಿಜ್ಮಾ ಆರ್ ಮತ್ತು ಝಡ್‌ಎಂಆರ್‌ನ ಹೊಸ ಮುಖ, ಹೊಸ ಬಾಡಿ ಇಬಿಆರ್ ಕೈಚಳಕ. ಇಬಿಆರ್ 2015ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಅದೇ ಜೊತೆಗಾರಿಕೆಯಲ್ಲಿ ಆಟೋ ಎಕ್ಸ್‌ಪೋದಲ್ಲಿ ಕಂಡ ಎಚ್‌ಎಕ್ಸ್250ಆರ್ ರಸ್ತೆಗೆ ಇಳಿಯಲೇ ಇಲ್ಲ. ಝಡ್‌ಎಂಆರ್ 2018ರಲ್ಲಿ ಬಿಎಸ್-4 ಹೊಗೆ ಮಾನದಂಡದ ಇಂಜಿನ್ನಿನೊಂದಿಗೆ ಇನ್ನೊಮ್ಮೆ ಬಂತು, 2020ರ ಏಪ್ರಿಲ್ 1ರ ಬಿಎಸ್-6 ಗಡಿ ದಾಟಲಿಲ್ಲ. 2023ರ ಆಗಸ್ಟ್‌ನಲ್ಲಿ ಕರಿಜ್ಮಾ ಎಕ್ಸ್‌ಎಂಆರ್ ಬಂದಾಗ ಹಳೇ ಮಾಲೀಕರಲ್ಲಿ ಕೆಲವರಿಗೆ ಆಸೆ ಚಿಗುರಿತ್ತು, ಆದರೆ ಅದು 210 ಸಿಸಿಯ ಲಿಕ್ವಿಡ್ ಕೂಲ್ಡ್ ಇಂಜಿನ್, ಚಾಸಿಯೂ ಬೇರೆ. ಹೆಸರು ವಾಪಸ್ ಬಂತು, ಸಾಮಾನು ಬರಲಿಲ್ಲ. 2021ರಲ್ಲಿ ಬ್ಯುಯೆಲ್ ಹೆಸರು ಮತ್ತೆ ಚಾಲ್ತಿಗೆ ಬಂದಾಗಲೂ ಎಕ್ಸ್‌ಬಿ ಮಾಲೀಕರಿಗೆ ಆದದ್ದು ಇದೇ.

ಈಗ ಗ್ಯಾರೇಜಿಗೆ ವಾಪಸ್. ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ಒಂದು ಹಾಳೆಯಲ್ಲಿ ಗಾಡಿಯನ್ನು ಮೂರು ಗುಂಪಾಗಿ ಬರೆಯುವುದು.

ಒಂದನೇ ಗುಂಪು, ಊರಿನ ಯಾವ ಅಂಗಡಿಯಲ್ಲೂ ಸಿಗುವಂಥದ್ದು. ಚಕ್ರದ ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ. ಆ ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯವರಿಗೆ ಬೈಕಿನ ಹೆಸರೂ ಬೇಡ, ಪಂಪ್‌ಸೆಟ್ಟಿನ ಬೇರಿಂಗ್ ಕೊಡುವ ಕಪಾಟಿನಿಂದಲೇ ಎತ್ತಿ ಕೊಡುತ್ತಾರೆ. ಆಯಿಲ್ ಸೀಲ್ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಮಿ.ಮೀ.ನಲ್ಲಿ ಅಚ್ಚಾಗಿರುತ್ತದೆ. ಬ್ರೇಕ್ ಪ್ಯಾಡ್, ಬ್ಯಾಟರಿ, ಬಲ್ಬ್, 18 ಇಂಚಿನ ಟೈರು, ಚೈನ್ ಸ್ಪ್ರಾಕೆಟ್ ಇವೆಲ್ಲ ಇದೇ ಗುಂಪು. ಕ್ಲಚ್, ಆಕ್ಸಿಲರೇಟರ್ ಕೇಬಲ್ ಸಿಗದಿದ್ದರೂ ಹಳೇದನ್ನು ಅಳತೆಗೆ ಕೊಟ್ಟು ಮಾಡಿಸಬಹುದು.

ಎರಡನೇ ಗುಂಪು, ವಂಶದ ಸಾಮಾನು. ಈ ಇಂಜಿನ್ 65.5 ಮಿ.ಮೀ. ಬೋರ್, 66.2 ಮಿ.ಮೀ. ಸ್ಟ್ರೋಕ್, 223 ಸಿಸಿ. 2003ರಲ್ಲಿ ಬಂದ ಮೊದಲ ಕರಿಜ್ಮಾದಿಂದ ಹಿಡಿದು ಇದೇ ಮೂಲ. ಪಿಸ್ಟನ್ ಸೆಟ್, ಕ್ಲಚ್ ಪ್ಲೇಟ್, ಟೈಮಿಂಗ್ ಚೈನ್, ಗ್ಯಾಸ್ಕೆಟ್ ಎಲ್ಲಕ್ಕೂ ಹತ್ತು ಹದಿನೈದು ವರ್ಷ ಬೇಡಿಕೆ ಇದ್ದುದರಿಂದ ಒರಿಜಿನಲ್ ಅಲ್ಲದಿದ್ದರೂ ಲೋಕಲ್ ಮಾಲು ಬರುತ್ತಲೇ ಇದೆ. ಒಂದು ಎಚ್ಚರ: 2009ರ ಝಡ್‌ಎಂಆರ್ 7,000 ಆರ್‌ಪಿಎಂನಲ್ಲಿ 17.6 ಬಿಎಚ್‌ಪಿ ಕೊಡುತ್ತಿತ್ತು, 2014ರದು 8,000ಕ್ಕೆ 20 ಬಿಎಚ್‌ಪಿ. ಮೂಲ ಒಂದೇ ಆದರೂ ಟ್ಯೂನ್ ಬೇರೆ. ಆದ್ದರಿಂದ "ಕರಿಜ್ಮಾದ್ದು ಕೊಡಿ" ಅಂದರೆ ಸಾಲದು, ಚಾಸಿ ನಂಬರ್ ಹೇಳಿ ಪಾರ್ಟ್ ನಂಬರ್ ಹಿಡಿದೇ ಕೇಳಬೇಕು.

ಮೂರನೇ ಗುಂಪೇ ತಲೆನೋವು. ಫೇರಿಂಗ್, ಡೂಮ್ (ಹೆಡ್‌ಲೈಟ್ ಸುತ್ತಲಿನ ಮುಂಗವಚ), ಹೆಡ್‌ಲೈಟ್, ಹಿಂದಿನ ಲೈಟು, ಮೀಟರ್, ಇಸಿಎಂ (ಎಫ್‌ಐ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ವೈರಿಂಗ್. ಇವು 2014ರ ರೂಪದ ಝಡ್‌ಎಂಆರ್‌ಗೆ ಮಾತ್ರ ಸೇರಿದವು, 2009ರ ಝಡ್‌ಎಂಆರ್‌ನ ಫೇರಿಂಗ್ ಇದಕ್ಕೆ ಕೂರುವುದಿಲ್ಲ. ಹಳೇ ರೂಪ ಐದು ವರ್ಷ ಓಡಿತು, ಗುಜರಿಯಲ್ಲಿ ಅದರ ಬಾಡಿ ಆಗಾಗ ಕಣ್ಣಿಗೆ ಬೀಳುತ್ತದೆ. ಹೊಸ ರೂಪ ರಸ್ತೆಯಲ್ಲೇ ಕಡಿಮೆ, ಗುಜರಿಯಲ್ಲಿ ಇನ್ನೂ ಕಡಿಮೆ. ಗಾಡಿ ಇಟ್ಟುಕೊಳ್ಳಬೇಕೋ ಬಿಡಬೇಕೋ ಎನ್ನುವ ತೀರ್ಮಾನ ಈ ಮೂರನೇ ಗುಂಪಿನ ಮೇಲಷ್ಟೇ ನಿಂತಿರುತ್ತದೆ. ಇದರಲ್ಲಿ ಇಸಿಎಂ ಸರಿ ಇದ್ದು, ಪ್ಲಾಸ್ಟಿಕ್ ರಿಪೇರಿಯ ಹದದಲ್ಲಿದ್ದರೆ ಗಾಡಿ ಉಳಿಸಬಹುದು. ಇಸಿಎಂ ಹೋಗಿ ಹೆಡ್‌ಲೈಟೂ ಚೂರಾಗಿದ್ದರೆ, ಇಂಜಿನ್ ಎಷ್ಟೇ ಚಂದ ಹಾಡಲಿ, ಗಾಡಿಯನ್ನು ಇನ್ನೊಬ್ಬ ಝಡ್‌ಎಂಆರ್ ಮಾಲೀಕರಿಗೆ ಸಾಮಾನಿಗಾಗಿ ಕೊಡುವುದೇ ಲೇಸು.

ಆದ್ದರಿಂದ ಬಿಸಿಗೆ ಬಂದ್ ಆಗುವ ತಕರಾರನ್ನು ಮೊದಲು ಹಿಡಿಯಲಾಯಿತು. ಅದು ಇಸಿಎಂ ಆಗಿದ್ದರೆ ಪ್ಲಾಸ್ಟಿಕ್‌ಗೆ ದುಡ್ಡು ಹಾಕುವ ಮಾತೇ ಇರಲಿಲ್ಲ.

ಇಂಥ ತಕರಾರು ತಣ್ಣಗಿರುವ ಗಾಡಿಯಲ್ಲಿ ಸಿಗುವುದಿಲ್ಲ. ಗಾಡಿಯನ್ನು ಬಿಸಿಲಲ್ಲಿ ಓಡಿಸಿ, ಅದು ನಿಂತ ಜಾಗದಲ್ಲೇ ನೋಡಬೇಕು. ಬೈಪಾಸ್ ಕಡೆ ಮಧ್ಯಾಹ್ನ ಎರಡಕ್ಕೆ ಓಡಿಸಿದಾಗ ಅರ್ಧ ಗಂಟೆಯೊಳಗೆ ನಿಂತಿತು. ಕೀ ಆಫ್ ಮಾಡಿ ಆನ್ ಮಾಡಿದಾಗ ಟ್ಯಾಂಕಿನೊಳಗೆ ಪೆಟ್ರೋಲ್ ಪಂಪಿನ 'ಝುಂಯ್' ಸದ್ದು ಸುಮಾರು ಎರಡು ಸೆಕೆಂಡ್ ಕೇಳಬೇಕು. ಕೇಳಿತು, ಆದರೆ ಎಮ್ಮೆ ಉಸಿರಿಟ್ಟಂತೆ ಭಾರವಾಗಿ. ಪ್ಲಗ್ಗಿನಲ್ಲಿ ಕಿಡಿ ಇತ್ತು, ನಿಸ್ತೇಜ. ಪಂಪೂ ಕಿಡಿಯೂ ಒಟ್ಟಿಗೆ ಸೊರಗಿದರೆ ಎರಡೂ ಒಟ್ಟಿಗೆ ಕೆಟ್ಟಿರುವ ಸಾಧ್ಯತೆ ಕಡಿಮೆ, ಎರಡಕ್ಕೂ ಕರೆಂಟ್ ಕೊಡುವ ದಾರಿಯಲ್ಲೇ ಎಲ್ಲೋ ಕಳ್ಳನಿದ್ದಾನೆ. ಎಫ್‌ಐ ಲೈಟು ಮಿಣುಕುತ್ತಿರಲಿಲ್ಲ. ಸೆನ್ಸರ್ ತಕರಾರಾಗಿದ್ದರೆ ಹೋಂಡಾ ಮೂಲದ ಪಿಜಿಎಂ-ಎಫ್‌ಐ ಅದನ್ನು ಮಿಣುಕಿನ ಎಣಿಕೆಯಲ್ಲಿ ಹೇಳುತ್ತದೆ: ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು.

ಮಲ್ಟಿಮೀಟರ್ ಹಿಡಿದಾಗ ಚಿತ್ರ ಬಿಡಿಸಿಕೊಂಡಿತು. ಗಾಡಿ ತಣ್ಣಗಿದ್ದಾಗ 5,000 ಆರ್‌ಪಿಎಂನಲ್ಲಿ ಬ್ಯಾಟರಿ ತುದಿಗಳಲ್ಲಿ 13.9 ವೋಲ್ಟ್. ಸರಿಯೇ ಇದೆ, 13.5ರಿಂದ 14.5ರೊಳಗೆ ಇರಬೇಕು. ಬಿಸಿಯಾದ ಮೇಲೆ ಅದೇ ಆರ್‌ಪಿಎಂಗೆ 12.4. ಅಂದರೆ ಬ್ಯಾಟರಿ ಚಾರ್ಜ್ ಆಗುವ ಬದಲು ಬರಿದಾಗುತ್ತಿದೆ. ಇಲ್ಲಿ ಬಹಳ ಮೇಸ್ತ್ರಿಗಳು ನೇರ ಆರ್‌ಆರ್ ಯೂನಿಟ್ (ಮ್ಯಾಗ್ನೆಟ್ಟಿನ ಕರೆಂಟನ್ನು ಬ್ಯಾಟರಿಗೆ ಹದ ಮಾಡಿ ಕೊಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಬದಲಿಸುತ್ತಾರೆ, ತಕರಾರು ಹದಿನೈದು ದಿನಕ್ಕೆ ವಾಪಸ್ ಬರುತ್ತದೆ. ಅದಕ್ಕೆ ಮುಂಚೆ ಒಂದು ಅಳತೆ ಬೇಕು: ಗಾಡಿ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಆರ್‌ಆರ್‌ನ ಪಾಸಿಟಿವ್ ವೈರಿಗೆ, ಇನ್ನೊಂದು ಬ್ಯಾಟರಿ ಪಾಸಿಟಿವ್‌ಗೆ. ನಡುವೆ 0.2-0.3 ವೋಲ್ಟಿಗಿಂತ ಹೆಚ್ಚು ಕಂಡರೆ ಕರೆಂಟ್ ದಾರಿಯಲ್ಲೇ ಸೋರುತ್ತಿದೆ ಎಂದು ಅರ್ಥ. ಇಲ್ಲಿ ಕಂಡದ್ದು 1.5 ವೋಲ್ಟ್. ಆರ್‌ಆರ್ ಚೆನ್ನಾಗಿಯೇ ಕೊಡುತ್ತಿದೆ, ಬ್ಯಾಟರಿಗೆ ತಲುಪುತ್ತಿಲ್ಲ.

ಆ ದಾರಿಯಲ್ಲಿ ವೈರುಗಳನ್ನು ಜೋಡಿಸುವ ಕಪ್ಲರ್ ಬಿಚ್ಚಿದಾಗ ಒಂದು ಪಿನ್ನು ಹಸಿರು ಹಿಡಿದು, ಅದರ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿ ಇಳಿದಿತ್ತು. ಗಾಡಿ ತೊಳೆಯುವ ಪ್ರೆಶರ್ ನೀರು ಒಳಗೆ ಹೋಗಿ ತುಕ್ಕು ಹಿಡಿಸುತ್ತದೆ, ತುಕ್ಕಿಗೆ ತಡೆ ಹೆಚ್ಚುತ್ತದೆ, ತಡೆಗೆ ಬಿಸಿ, ಬಿಸಿಗೆ ಪಿನ್ನಿನ ಹಿಡಿತ ಸಡಿಲ, ಸಡಿಲಕ್ಕೆ ಇನ್ನಷ್ಟು ಬಿಸಿ. ಕಾರ್ಬ್ಯುರೇಟರ್ ಗಾಡಿಯಾಗಿದ್ದರೆ ಇದು ಹಾರ್ನ್ ಸಣ್ಣಗಾಗುವಲ್ಲಿಗೆ ಮುಗಿಯುತ್ತಿತ್ತು. ಎಫ್‌ಐ ಗಾಡಿಯಲ್ಲಿ ಪಂಪಿಗೆ ಸುಮಾರು 3 ಬಾರ್ ಒತ್ತಡ ಕಟ್ಟಬೇಕು. ವೋಲ್ಟ್ ಇಳಿದರೆ ಒತ್ತಡ ಇಳಿಯುತ್ತದೆ, ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ನಿಂತ ಇಪ್ಪತ್ತು ನಿಮಿಷದಲ್ಲಿ ಕಪ್ಲರ್ ತಣ್ಣಗಾಗಿ, ಬ್ಯಾಟರಿ ಸ್ವಲ್ಪ ಚೇತರಿಸಿಕೊಂಡು ಮತ್ತೆ ಸ್ಟಾರ್ಟ್.

ರಿಪೇರಿ ಹೀಗೆ. ಬ್ಯಾಟರಿಯ ನೆಗೆಟಿವ್ ಕಳಚಿ, ಕರಗಿದ ಕಪ್ಲರ್‌ನ ಎರಡೂ ಕಡೆ ವೈರನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಲಾಯಿತು. ಕಪ್ಪಗಾದ ತಾಮ್ರಕ್ಕೆ ಹೊಸ ಪಿನ್ ಹಾಕಿದರೆ ಕೆಲಸ ವ್ಯರ್ಥ. 6.3 ಮಿ.ಮೀ. ಅಗಲದ ಹಿತ್ತಾಳೆ ಪಿನ್ನುಗಳನ್ನು ಕ್ರಿಂಪಿಂಗ್ ಪ್ಲೈಯರ್‌ನಿಂದ ಒತ್ತಿ, ಹೀಟ್ ಶ್ರಿಂಕ್ ತೊಡಿಸಿ, ಹೊಸ ಕಪ್ಲರ್‌ಗೆ ಕೂರಿಸಿ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಲಾಯಿತು. ಬೆಸುಗೆ ಹಾಕಲಿಲ್ಲ. ಬೆಸುಗೆ ಮುಗಿಯುವ ತುದಿಯಲ್ಲಿ ವೈರು ಕಡ್ಡಿಯಂತೆ ಗಡುಸಾಗುತ್ತದೆ, ಒಂಟಿ ಸಿಲಿಂಡರ್ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಚಾಸಿಯ ಅರ್ತ್ ಬೋಲ್ಟ್ ಬಿಚ್ಚಿ ಪೇಂಟು, ತುಕ್ಕು ಕೆರೆದು ಬಿಗಿದದ್ದು ಐದು ನಿಮಿಷದ ಕೆಲಸ. ಬಿಸಿಯಲ್ಲಿ ಮತ್ತೆ ಅಳೆದರೆ ನಡುವಿನ ನಷ್ಟ 0.15, ಬ್ಯಾಟರಿಯಲ್ಲಿ 13.8. ಇಸಿಎಂ ಮುಟ್ಟಲೇ ಇಲ್ಲ.

ಕಾರ್ಬ್ಯುರೇಟರ್ ಸಲಹೆ ಕೊಟ್ಟವರಿಗೆ ಇಲ್ಲೊಂದು ಮಾತು. ಈ ಗಾಡಿಯಲ್ಲಿ ಇಸಿಎಂ ಪೆಟ್ರೋಲ್ ಮಾತ್ರವಲ್ಲ, ಇಗ್ನಿಷನ್ನನ್ನೂ ನೋಡಿಕೊಳ್ಳುತ್ತದೆ. ಎಫ್‌ಐ ತೆಗೆದರೆ ಕಾರ್ಬ್ಯುರೇಟರ್ ಜೊತೆಗೆ ಕರಿಜ್ಮಾ ಆರ್‌ನ ಇನ್‌ಟೇಕ್, ಸಿಡಿಐ (ಕಿಡಿ ಕೊಡುವ ಪೆಟ್ಟಿಗೆ), ಅದಕ್ಕೊಪ್ಪುವ, ಕಿಡಿಯ ಸಮಯ ತಿಳಿಸುವ ಪಲ್ಸರ್ ಕಾಯಿಲ್, ವೈರಿಂಗ್ ಬೇಕು, ಟ್ಯಾಂಕಿನ ತಳದಲ್ಲಿ ಪಂಪ್ ಇರುವ ಜಾಗಕ್ಕೆ ಪ್ಲೇಟ್ ಮಾಡಿಸಿ ಪೆಟ್ರೋಲ್ ಕಾಕ್ ಕೂರಿಸಬೇಕು. ಇಷ್ಟೂ ಮಾಡಿದ ಮೇಲೆ ಗಾಡಿ ನೋಂದಣಿಯಾದಾಗಿದ್ದ ಸ್ಥಿತಿಯಲ್ಲಿ ಇರುವುದಿಲ್ಲ. ಹೊಗೆ ತಪಾಸಣೆಯಲ್ಲಿ, ಮುಂದೆ ಆರ್‌ಸಿ ನವೀಕರಣದಲ್ಲಿ ಉತ್ತರ ಹೇಳುವವರು ಮಾಲೀಕರೇ. ಇಸಿಎಂ ಎಲ್ಲೂ ಸಿಗದೇ ಹೋದಾಗಿನ ಕೊನೆಯ ದಾರಿ ಅದು. ಒಂದು ಕಪ್ಲರ್ ಸುಟ್ಟಿದ್ದಕ್ಕೆ ಅಲ್ಲ.

ಇನ್ನು ಪ್ಲಾಸ್ಟಿಕ್. ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ, ಹೆಚ್ಚು ಜನ ಕೆಡಿಸುವುದೂ ಇದೇ.

ಮೊದಲು ಪ್ಲಾಸ್ಟಿಕ್ ಯಾವ ಜಾತಿಯದೆಂದು ತಿಳಿಯಬೇಕು. ತುಂಡಿನ ಹಿಂಬದಿಯಲ್ಲಿ ಎಬಿಎಸ್ ಅಥವಾ ಪಿಪಿ ಎಂಬ ಅಚ್ಚು ಇರುತ್ತದೆ. ಅಚ್ಚು ಅಳಿಸಿದ್ದರೆ ಒಡೆದ ಅಂಚಿನಿಂದ ಉಗುರಿನಷ್ಟು ಚೂರು ತೆಗೆದು ಲೋಟದ ನೀರಿಗೆ ಹಾಕಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಫೇರಿಂಗ್ ಎಬಿಎಸ್, ಹೆಡ್‌ಲೈಟ್ ಡಬ್ಬಿಯ ಕಾಲು ಪಿಪಿ ಎಂದು ಲೋಟದಲ್ಲೇ ಇತ್ಯರ್ಥವಾಯಿತು.

ಎಬಿಎಸ್‌ಗೆ ಮದ್ದು ಎಬಿಎಸ್ಸೇ. ಅದೇ ಜಾತಿಯ ಹಳೇ ಪ್ಯಾನೆಲ್ ತುಂಡನ್ನು ಅಕ್ಕಿಕಾಳಿನಷ್ಟು ಚೂರು ಮಾಡಿ, ಒಂದು ಪಾಲಿಗೆ ಎರಡರಿಂದ ಮೂರು ಪಾಲು ಅಸಿಟೋನ್ ಸೇರಿಸಿ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಜೋನಿಬೆಲ್ಲದ ಹದಕ್ಕೆ ಬಂದಿರುತ್ತದೆ. ಗಟ್ಟಿ ಅನ್ನಿಸಿದರೆ ಅಸಿಟೋನ್, ತೆಳು ಅನ್ನಿಸಿದರೆ ಇನ್ನಷ್ಟು ಚೂರು. ಹತ್ತಿರ ಬೀಡಿ, ಬೆಂಕಿ ಕೂಡದು, ಕಿಟಕಿ ತೆರೆದಿರಬೇಕು.

ಸೀಳು ಮುಂದೆ ಓಡದಂತೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಕೊರೆಯಲಾಯಿತು. ಇದನ್ನು ಬಿಟ್ಟವರ ಕೆಲಸ ಮೂರು ತಿಂಗಳಲ್ಲಿ ಮತ್ತೆ ಬಿರಿಯುತ್ತದೆ. ಹಿಂಬದಿಯಿಂದ ಸೀಳಿನ ಉದ್ದಕ್ಕೂ ದಪ್ಪದ ಅರ್ಧದಷ್ಟು ಆಳಕ್ಕೆ ವಿ ಆಕಾರದ ಗೀರು ತೆಗೆದು, ಪಿನ್ನನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿಗೆ ಇಳಿಸುವ ಹಾಟ್ ಸ್ಟೇಪ್ಲರ್‌ನಿಂದ ಅಲೆ ಆಕಾರದ ಪಿನ್ನುಗಳನ್ನು ಪ್ರತಿ 15-20 ಮಿ.ಮೀ.ಗೆ ಒಂದರಂತೆ ಸೀಳಿಗೆ ಅಡ್ಡಲಾಗಿ ಇಳಿಸಲಾಯಿತು. ಪಿನ್ನು ಮುಳುಗುವಷ್ಟು ಮಾತ್ರ ಬಿಸಿ ಸಾಕು. ಮುಂಬದಿಗೆ ಉಬ್ಬು ಬಂದರೆ ಹೆಚ್ಚಾಯಿತೆಂದು ಅರ್ಥ. ಪಿನ್ನುಗಳ ಹೊರಗುಳಿದ ಕಾಲುಗಳನ್ನು ಕತ್ತರಿಸಿ ಮೇಲೆ ಎಬಿಎಸ್ ಪೇಸ್ಟ್ ಹಚ್ಚುವಾಗ ಒಂದು ಸಲಕ್ಕೆ ಒಂದು ಮಿ.ಮೀ. ದಪ್ಪವಷ್ಟೆ, ಒಂದು ದಿನ ಒಣಗಿದ ಮೇಲೆ ಇನ್ನೊಂದು ಪದರ. ಆತುರಕ್ಕೆ ದಪ್ಪಗೆ ಮೆತ್ತಿದರೆ ಮೇಲ್ಮೈ ಗಟ್ಟಿಯಾಗಿ ಒಳಗಿನ ಅಸಿಟೋನ್ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಇದ್ದಲ್ಲಿ ಬಲವಿಲ್ಲ.

ಮುರಿದ ಕಿವಿಗಳನ್ನು 3 ಮಿ.ಮೀ. ಎಬಿಎಸ್ ಹಾಳೆಯಲ್ಲಿ ಕತ್ತರಿಸಿ, ಬುಡದಲ್ಲಿ ಸ್ಟೀಲ್ ಜಾಲರಿ ಇಟ್ಟು ಪೇಸ್ಟಿನಿಂದ ಕಟ್ಟಲಾಯಿತು. ತೂತನ್ನು ಮೊದಲೇ ಕೊರೆಯಬಾರದು. ಪ್ಯಾನೆಲನ್ನು ಗಾಡಿಗೆ ಹಿಡಿದು ಗುರುತು ಹಾಕಿ ಆಮೇಲೆ ಕೊರೆಯಬೇಕು, ಇಲ್ಲದಿದ್ದರೆ ಎರಡು ಮಿ.ಮೀ. ತಪ್ಪಿಗೆ ಬೋಲ್ಟ್ ಎಳೆದು ಬಿಗಿಯುವಾಗ ಹೊಸ ಕಿವಿಯೂ ಪಟಾರ್ ಎನ್ನುತ್ತದೆ. 120, 240, 400 ನಂಬರಿನ ಕಾಗದದಲ್ಲಿ ಉಜ್ಜಿ ಪ್ರೈಮರ್, ಬಣ್ಣ. ಸ್ಟಿಕ್ಕರನ್ನು ಬಲಗಡೆ ಪ್ಯಾನೆಲಿನಿಂದ ಅಚ್ಚು ತೆಗೆದು, ಕನ್ನಡಿ ಬಿಂಬದಂತೆ ತಿರುಗಿಸಿ ವಿನೈಲ್ ಕತ್ತರಿಸುವ ಅಂಗಡಿಯಲ್ಲಿ ಮಾಡಿಸಲಾಯಿತು. ಅಕ್ಷರ ಇದ್ದ ಭಾಗವನ್ನು ತಿರುಗಿಸಬೇಡಿ ಎಂದು ಅಂಗಡಿಯವರಿಗೆ ಎರಡು ಸಲ ಹೇಳಿ.

ಹೆಡ್‌ಲೈಟಿನ ಪಿಪಿ ಕಾಲಿಗೆ ಅಸಿಟೋನ್ ನಾಟುವುದಿಲ್ಲ, ಎಪಾಕ್ಸಿ ಪುಟ್ಟಿ ರಸ್ತೆಯ ಎರಡು ಹಂಪ್ ದಾಟುವಷ್ಟರಲ್ಲಿ ಕಳಚಿಕೊಳ್ಳುತ್ತದೆ. 2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಉಳಿದ ಕಾಲಿನ ಬುಡಕ್ಕೆ ಎರಡು ಸಣ್ಣ ಸ್ಕ್ರೂ, ನಡುವೆ ರಬ್ಬರ್. ನೋಡಲು ಚಂದವಿಲ್ಲ, ಡೂಮ್ ಒಳಗೆ ಕಾಣುವುದೂ ಇಲ್ಲ. ಬಾಗಿದ ಹ್ಯಾಂಡಲ್ ಹಗುರ ಬಾಗು, ಆದರೂ ಬಗ್ಗಿಸಿ ನೆಟ್ಟಗೆ ಮಾಡದೆ ಬದಲಿಸಿದ್ದು. ಬೋಲ್ಟಿನಿಂದ ಹಿಡಿದ ಹ್ಯಾಂಡಲಿಗೆ ಒಮ್ಮೆ ಬಿದ್ದ ಏಟು ಮತ್ತೆಲ್ಲಿ ಬಿರಿಯುತ್ತದೋ ಹೇಳಲಾಗದು. ಫೋರ್ಕ್, ಕೋನ್ ಸೆಟ್ ನೆಟ್ಟಗಿದ್ದವು.

ಮೀಟರಿನ ಕಪ್ಪು ಪರದೆ ನೋಡಿ ಮೀಟರೇ ಸತ್ತಿದೆ ಎಂದುಕೊಳ್ಳುವವರು ಬಹಳ. ಬಹುಪಾಲು ಸತ್ತಿರುವುದು ಎಲ್‌ಸಿಡಿ ಮೇಲಿನ ಪೋಲರೈಸರ್ ಹಾಳೆ (ಬೆಳಕನ್ನು ಸೋಸಿ ಅಂಕಿ ಕಾಣಿಸುವ ತೆಳು ಪ್ಲಾಸ್ಟಿಕ್), ಅದೂ ಬಿಸಿಲಿಗೆ. ಬೆಣ್ಣೆ ದೋಸೆ ಹೋಟೆಲಿನ ಮುಂದೆ ಟ್ಯಾಂಕಿನ ಮೇಲೆ ಬಿಸಿಲು ಬೀಳುವಂತೆ ನಿಲ್ಲಿಸಿ ನಿಲ್ಲಿಸಿ ಆಗುವುದೇ ಇದು. ಮೀಟರ್ ಬಿಚ್ಚಿ, ಮೇಲಿನ ಗಾಜು ತೆಗೆದು, ಬ್ಲೇಡನ್ನು ಮಲಗಿಸಿ ಹಿಡಿದು ಹಳೇ ಹಾಳೆಯನ್ನು ಮೂಲೆಯಿಂದ ಎಬ್ಬಿಸಬೇಕು. ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು. ಹೊಸ ಹಾಳೆಯನ್ನು ಅಂಟಿಸುವ ಮೊದಲು ಮೀಟರ್ ಆನ್ ಮಾಡಿ ಹಾಳೆಯನ್ನು ನಿಧಾನ ತಿರುಗಿಸುತ್ತ ನೋಡಿ. ಒಂದು ಕೋನದಲ್ಲಿ ಅಂಕಿ ಕಪ್ಪಾಗಿ ಎದ್ದು ಕಾಣುತ್ತದೆ, ಅದಕ್ಕೆ ತೊಂಬತ್ತು ಡಿಗ್ರಿಯಲ್ಲಿ ಪರದೆಯೆಲ್ಲ ಕಪ್ಪಾಗಿ ಅಂಕಿ ಬಿಳಿಯಾಗುತ್ತದೆ. ಬೇಕಾದ ಕೋನಕ್ಕೆ ಕತ್ತರಿಸಿ ಅಂಟಿಸುವುದು. ಎಲ್‌ಸಿಡಿ ಗಾಜೇ ಬಿರಿದು ಮಸಿ ಹರಡಿದ್ದರೆ ಇದು ಉಪಯೋಗಕ್ಕಿಲ್ಲ, ಬೇರೆ ಮೀಟರೇ ಬೇಕು. ಆಗ ಹಳೇ ಮೀಟರಿನ ಕಿಲೋಮೀಟರ್, ಬದಲಿಸಿದ ದಿನ ಎರಡನ್ನೂ ಬರೆದು, ಎರಡೂ ಮೀಟರಿನ ಫೋಟೊ ತೆಗೆದಿಡಬೇಕು. ಇಲ್ಲದಿದ್ದರೆ ಗಾಡಿ ಮಾರುವ ದಿನ ಕಿಲೋಮೀಟರ್ ಇಳಿಸಿದ ಅಪವಾದ ಹೊರಬೇಕಾಗುತ್ತದೆ.

ಗಾಡಿ ನಿಂತಿದ್ದ ಒಂದೂವರೆ ತಿಂಗಳಲ್ಲಿ ಇನ್ನೊಂದು ತಕರಾರು ಹುಟ್ಟಿಕೊಂಡಿತು, ಇದಕ್ಕೆ ಹೊಣೆ ಗ್ಯಾರೇಜೇ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಹಾಗೇ ಬಿಟ್ಟಿದ್ದರು. ಈಗ ಬಂಕಿನಲ್ಲಿ ಬರುವುದು 20 ಶೇಕಡಾ ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದರೆ ನೀರಿನೊಂದಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪು ಎಳೆಯುವುದೂ ತಳದಿಂದಲೇ. ಮೊದಲ ಸ್ಟಾರ್ಟಿಗೆ ಗಾಡಿ ಕೆಮ್ಮಿತು. ಟ್ಯಾಂಕ್ ಬರಿದು ಮಾಡಿ, ಪಂಪಿನ ಜಾಲರಿ ತೊಳೆದು, ಬೆರಳಿಗೆ ಮೆತ್ತಗೆ ಸಿಕ್ಕ ಹಳೇ ಪೆಟ್ರೋಲ್ ಪೈಪನ್ನು ಎಫ್‌ಐ ಒತ್ತಡ ತಡೆಯುವ ಪೈಪಿಗೆ ಬದಲಿಸಲಾಯಿತು. ಕಾರ್ಬ್ಯುರೇಟರ್ ಗಾಡಿಯ ಸಾದಾ ಪೈಪ್ ಇಲ್ಲಿ ಹಾಕಿದರೆ ಕ್ಲಿಪ್ ಬಿಟ್ಟು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮೀತು. ಇಂಥ ಗಾಡಿ ತಿಂಗಳು ಮೀರಿ ನಿಲ್ಲುವುದಾದರೆ ಟ್ಯಾಂಕ್ ಒಂದೋ ಪೂರ್ತಿ ತುಂಬಿರಲಿ, ಇಲ್ಲವೇ ಪೂರ್ತಿ ಬರಿದಾಗಿರಲಿ.

ಮುಂದಕ್ಕೆ ಏನೇನು ಕೊಂಡು ಇಡಬೇಕೆಂದು ಮಾಲೀಕರು ಕೇಳಿದ್ದಕ್ಕೆ ಕೊಟ್ಟ ಪಟ್ಟಿ ಚಿಕ್ಕದು: ಪಾರ್ಟ್ ನಂಬರ್ ಹೊಂದುವ ಒಂದು ಇಸಿಎಂ, ಒಂದು ಹೆಡ್‌ಲೈಟ್, ಕೆಟ್ಟಿದ್ದರೂ ಸರಿ ಒಂದು ಮೀಟರ್. ರಬ್ಬರ್ ಸಾಮಾನು ಕೂಡಿಡುವುದು ದಂಡ, ಕಪಾಟಿನಲ್ಲೇ ಒಣಗಿ ಬಿರಿಯುತ್ತದೆ. ಹುಡುಕುವಾಗ 2018ರ ಝಡ್‌ಎಂಆರ್‌ನ ಬಾಡಿಯನ್ನೂ ನೋಡಬಹುದು, ರೂಪ 2014ರದೇ, ಇಸಿಎಂ ಮಾತ್ರ ಬಿಎಸ್-4ರದು, ಬೇಡ. ದಾವಣಗೆರೆ, ಹುಬ್ಬಳ್ಳಿ ಗುಜರಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಒಂದು ದಿನ. ಹಳೇ ಸಾಮಾನು ಕೊಳ್ಳುವಾಗ ಬಿಲ್ ಇಲ್ಲದೆ ಕೊಳ್ಳಬಾರದು, ಇಂಜಿನ್ ನಂಬರ್ ಇರುವ ಕ್ರ್ಯಾಂಕ್‌ಕೇಸ್ ಆದರಂತೂ ಮೂಲ ಗಾಡಿಯ ದಾಖಲೆ ಇಲ್ಲದೆ ಮುಟ್ಟಲೂ ಬಾರದು. ಅದನ್ನು ಹಾಕಿದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು. ಗಾಡಿಯ ಬಣ್ಣ ಬದಲಿಸಿದರೂ ಅಷ್ಟೇ, ಅದಕ್ಕೇ ಫೇರಿಂಗಿಗೆ ಮೂಲ ಬಣ್ಣವನ್ನೇ ಬಳಿದದ್ದು. ನೋಂದಣಿಯ 15 ವರ್ಷ 2029ಕ್ಕೆ ಮುಗಿಯುತ್ತದೆ, ಆಗ ತಪಾಸಣೆಗೆ ಗಾಡಿ ನಿಲ್ಲಿಸುವಾಗ ಆರ್‌ಸಿಯಲ್ಲಿರುವಂತೆ ಇದ್ದರೆ ಮಾತು ಕಡಿಮೆ.

ಮೂರು ತಿಂಗಳ ನಂತರ ಗಾಡಿ ಮರುತಪಾಸಣೆಗೆ ಬಂತು. ಬಿಸಿಗೆ ನಿಂತಿಲ್ಲ, ಕಪ್ಲರ್ ಬಿಚ್ಚಿ ನೋಡಿದರೆ ಪಿನ್ನು ಹೊಳೆಯುತ್ತಿತ್ತು. ಸೀಳುಗಳು ಹಾಗೇ ಕೂಡಿಕೊಂಡಿವೆ. ಕಟ್ಟಿದ ಮೂರು ಕಿವಿಗಳಲ್ಲಿ ಕೆಳಗಿನದೊಂದು ಮಾತ್ರ ಬುಡದಲ್ಲಿ ಕೂದಲೆಳೆಯಷ್ಟು ಬಿರಿದಿತ್ತು. ಕಾರಣ ಬೋಲ್ಟು: ಕಳೆದುಹೋದ ಮೂಲ ಬೋಲ್ಟಿನ ಬದಲು ಕೈಗೆ ಸಿಕ್ಕ ಉದ್ದದ ಬೋಲ್ಟ್ ಹಾಕಿದ್ದರು, ಅದು ತಳ ಮುಟ್ಟಿ ನಿಂತು ಪ್ಯಾನೆಲನ್ನು ಒತ್ತಿ ಹಿಡಿದೇ ಇರಲಿಲ್ಲ, ಕಿವಿ ನಡುಗಿ ನಡುಗಿ ದಣಿದಿತ್ತು. ಅಲ್ಲಿ ಇರಬೇಕಿದ್ದ ರಬ್ಬರ್ ಗ್ರೊಮೆಟ್ ಕೂಡ ಇರಲಿಲ್ಲ. ಕಿವಿಯ ಬುಡಕ್ಕೆ ಇನ್ನೆರಡು ಪದರ ಪೇಸ್ಟ್, ಹೊಸ ಗ್ರೊಮೆಟ್, ಐದು ಮಿ.ಮೀ. ಗಿಡ್ಡ ಬೋಲ್ಟ್. ಉಳಿದ ಬೋಲ್ಟುಗಳ ಉದ್ದವನ್ನೂ ಆ ದಿನವೇ ಅಳೆದು ಫೇರಿಂಗಿನ ಒಳಮೈ ಮೇಲೆ ಮಾರ್ಕರಿನಲ್ಲಿ ಬರೆದಿಡಲಾಯಿತು.